ಹಾರುವ ತಟ್ಟೆ ಮತ್ತು ಮೇಷ್ಟ್ರ ಎರಡು ಪ್ರಶ್ನೆ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಹತ್ತನೇ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೋ ತೋರಿಸಿ, "ಅಣ್ಣಾ, ಅಮೆರಿಕದ ಸೈನ್ಯ ಅನ್ಯಗ್ರಹದವರನ್ನು ಬಚ್ಚಿಟ್ಟಿದೆಯಂತೆ, ನಿಜವಾ?" ಎಂದು ಕೇಳಿದ. ಇದೇ ಶಾಲೆಯಲ್ಲಿ ನಾನೂ ಹೀಗೆಯೇ ಕೇಳಿದ್ದೆ. ವಿಜ್ಞಾನದ ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆದರು: ಕೈಗೆ ಸಿಕ್ಕಿದ್ದೇನು? ಅದು ಬೇರೇನಾದರೂ ಆಗಿರಬಹುದೇ?

1947ರಲ್ಲಿ ನ್ಯೂ ಮೆಕ್ಸಿಕೋದ ರಾಸ್‌ವೆಲ್ ಸೀಮೆಯಲ್ಲಿ ದನಕುರಿ ಕಾಯುವವರೊಬ್ಬರಿಗೆ ರಬ್ಬರ್ ಚೂರು, ಬೆಳ್ಳಿ ಬಣ್ಣದ ಹಾಳೆ, ಕಡ್ಡಿಗಳು ಸಿಕ್ಕವು. ಜುಲೈ 8ರಂದು ಅಲ್ಲಿನ ಸೇನಾ ವಾಯುನೆಲೆ ‘ಹಾರುವ ತಟ್ಟೆ’ ಸಿಕ್ಕಿದೆ ಎಂದು ಪ್ರಕಟಿಸಿತು. ಮರುದಿನದ ಹೊತ್ತಿಗೆ ಅದು ಹವಾಮಾನದ ಬಲೂನು ಎಂದಿತು. ಸುಮಾರು 30 ವರ್ಷ ಕಥೆ ಮಲಗಿತ್ತು. ಮತ್ತೆ ಎದ್ದಾಗ ಅನ್ಯಗ್ರಹದವರ ಹೆಣಗಳೂ ಸೇರಿಕೊಂಡವು.

ಸೈನ್ಯ ಮುಚ್ಚಿಟ್ಟದ್ದು ಮಾತ್ರ ನಿಜ. ಸೋವಿಯತ್ ಒಕ್ಕೂಟದ ಅಣುಪರೀಕ್ಷೆಯ ಸದ್ದನ್ನು ಬಹು ಎತ್ತರದಲ್ಲಿ ಹಿಡಿಯಲು ಬಲೂನುಗಳ ಸರಮಾಲೆ ಹಾರಿಸುವ ‘ಮೊಗುಲ್’ ಎಂಬ ಗುಟ್ಟಿನ ಯೋಜನೆ ನಡೆದಿತ್ತು. ಸಿಕ್ಕಿದ್ದು ಬಹುಮಟ್ಟಿಗೆ ಅದರ ಅವಶೇಷ ಎಂದು ವಾಯುಪಡೆ ಒಪ್ಪಿದ್ದು 1994ರಲ್ಲಿ. ಅಷ್ಟರಲ್ಲಿ ಜನರ ನಂಬಿಕೆ ಹೋಗಿತ್ತು. ಸತ್ಯವನ್ನು ಬಚ್ಚಿಟ್ಟಲ್ಲಿ ಕಥೆ ಹುಟ್ಟುತ್ತದೆ. 2023ರಲ್ಲಿ ಗುಪ್ತಚರ ವಿಭಾಗದ ಮಾಜಿ ಅಧಿಕಾರಿ ಡೇವಿಡ್ ಗ್ರಶ್ ಅಮೆರಿಕದ ಸಂಸತ್ತಿನ ಮುಂದೆ ಇಂಥದ್ದೇ ಮಾತು ಹೇಳಿದರು. ಆದರೆ ಅದು ಬೇರೆಯವರಿಂದ ಕೇಳಿದ್ದು. 2024ರ ಮಾರ್ಚ್‌ನಲ್ಲಿ ಬಂದ ಅಲ್ಲಿನ ರಕ್ಷಣಾ ಇಲಾಖೆಯ ವರದಿ ಪುರಾವೆ ಸಿಕ್ಕಿಲ್ಲ ಎಂದಿತು.

ನಮ್ಮ ಸೈನಿಕರ ಕಥೆಯೂ ಇದೆ. 2012ರ ಆಗಸ್ಟ್‌ನಿಂದ ಫೆಬ್ರವರಿವರೆಗೆ ಲಡಾಖ್ ಗಡಿಯ ಆಕಾಶದಲ್ಲಿ ಹೊಳೆಯುವ ವಸ್ತುಗಳನ್ನು ಅವರು 329 ಸಲ ದಾಖಲಿಸಿದರು. ಚೀನಾದ ಡ್ರೋನ್ ಇರಬಹುದೆಂಬ ಅನುಮಾನ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಪರಿಶೀಲಿಸಿದಾಗ ಅವು ಶುಕ್ರ ಮತ್ತು ಗುರು ಗ್ರಹಗಳು! ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಕಂಡದ್ದನ್ನು ಬರೆದಿಟ್ಟರು, ಬಲ್ಲವರನ್ನು ಕೇಳಿದರು.

ಹಾರುವ ತಟ್ಟೆ ನಂಬಿದರೆ ಯಾರಿಗೇನು ನಷ್ಟ ಎನ್ನಬಹುದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಅವನೂ ನನ್ನಂತೆ ಸಾಫ್ಟ್‌ವೇರ್ ಇಂಜಿನಿಯರ್. ಕೇಳದೆ ನಂಬುವ ಅಭ್ಯಾಸ ತಟ್ಟೆಯ ಹತ್ತಿರವೇ ನಿಲ್ಲುವುದಿಲ್ಲ.

ಬೇರೆ ಲೋಕದಲ್ಲಿ ಜೀವಿಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹುಡುಕೋಣ. ಆದರೆ ಮಕ್ಕಳೇ, ಯಾವುದನ್ನಾದರೂ ಫಾರ್ವರ್ಡ್ ಮಾಡುವ ಮೊದಲು ಮೇಷ್ಟ್ರ ಆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಶಾಲೆ ನನಗೆ ಕೊಟ್ಟ ಆಸ್ತಿ ಅದೇ.