ಹಳೆಯ ಕಾರಿಗೆ ಪಿಕಪ್ ಇಲ್ಲವೇ?



ತಾಳವಾಡಿ ಕಡೆಯ ನಾವು ಸತ್ಯಮಂಗಲದಿಂದ ಮನೆಗೆ ಬರಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. ಹಳೆಯ ಕಾರಿನ ಬಂಡವಾಳ ಬಯಲಾಗುವುದು ಅಲ್ಲೇ. ಕೆಲವು ವರ್ಷಗಳ ಹಿಂದೆ ನಾನು ಆ ಏರಿನಲ್ಲಿ ಲಾರಿಯೊಂದನ್ನು ದಾಟಲು ಬಲಕ್ಕೆ ತೆಗೆದೆ. ಪೆಡಲನ್ನು ಪೂರ್ತಿ ತುಳಿದರೂ ಕಾರು ಎಳೆಯಲಿಲ್ಲ. ಎದುರಿಗೆ ಬಸ್ಸು ಇಳಿದು ಬಂತು. ಲಾರಿಯವನು ನಿಧಾನಿಸಿ ಜಾಗ ಬಿಟ್ಟದ್ದರಿಂದ ಬದುಕಿದೆ. ತಪ್ಪು ನನ್ನದೇ. ಪಿಕಪ್ ಇಲ್ಲದ ಕಾರಿನಲ್ಲಿ, ಅದೂ ಘಾಟಿಯಲ್ಲಿ, ಮುಂದಿನ ಗಾಡಿಯನ್ನು ದಾಟಲು ಹೋಗಲೇಬಾರದು.

ಮರುದಿನ ಮೆಕ್ಯಾನಿಕ್ ಒಬ್ಬರು, ‘ರಿಂಗು, ಪಿಸ್ಟನ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂದರು. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆಯಾಗದಿದ್ದರೆ ನಾವು ಹಳೆಯ ಲೆಡ್ಜರುಗಳನ್ನು ಬಿಚ್ಚುತ್ತಿರಲಿಲ್ಲ. ಮೊದಲು ನೋಟಿನ ಕಟ್ಟು ಎಣಿಸಿ, ಆ ದಿನದ ವೋಚರ್ ನೋಡುತ್ತಿದ್ದೆವು. ಕಾರಿಗೂ ಅದೇ ಕ್ರಮ. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ.

ಮೊದಲು, ಕಾರನ್ನು ಯಾವುದಾದರೂ ಹಿಡಿದಿದೆಯೇ ನೋಡಿ. ಟೈರುಗಳ ಗಾಳಿ ಸರಿಮಾಡಿಸಿ. ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿಟ್ಟು ತಳ್ಳಿ. ಸುಲಭವಾಗಿ ಉರುಳಬೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಕೈ ಹತ್ತಿರ ಹಿಡಿದು ನೋಡಿ, ಮುಟ್ಟಬೇಡಿ.

ಎರಡನೆಯದಾಗಿ, ಕಿವಿಗೊಡಿ. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಮಾತ್ರ ಏರದೆ, ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ. ಸದ್ದೇ ಏರದಿದ್ದರೆ ಎಂಜಿನ್ನಿಗೆ ಗಾಳಿ, ಪೆಟ್ರೋಲು, ಕಿಡಿ, ಈ ಮೂರರಲ್ಲಿ ಒಂದು ಸಾಲದು.

ಗಾಳಿಗೆ ಏರ್ ಫಿಲ್ಟರ್ ನೋಡಿ. ನಮ್ಮ ಮಣ್ಣು ರಸ್ತೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಸಮತಟ್ಟಿನಲ್ಲಿ ಚೆನ್ನಾಗಿ ಓಡಿ ಏರಿನಲ್ಲಿ ಏದುಸಿರು ಬಿಟ್ಟರೆ ಪೆಟ್ರೋಲ್ ಫಿಲ್ಟರ್ ಬದಲಿಸಿ. ಕಿಡಿಗೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿಗಂದು ಬಣ್ಣದ್ದಾದರೆ ಚಿಂತೆಯಿಲ್ಲ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಚೋಕ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಎಣ್ಣೆ ಜಿಡ್ಡಿದ್ದರೆ ಮಾತ್ರ ರಿಂಗಿನ ಅನುಮಾನ. ಮಾರುತಿ 800ಕ್ಕೆ ಇರುವುದೇ ಮೂರು ಸಿಲಿಂಡರ್. ಒಂದು ಪ್ಲಗ್ ಕೈಕೊಟ್ಟರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋದಂತೆ, ಕಾರೂ ನಡುಗುತ್ತದೆ. ಇಂಜೆಕ್ಷನ್ ಕಾರಾದರೆ, ಎಂಜಿನ್ ದೀಪ ಹೊತ್ತಿದ್ದರೆ ಸ್ಕ್ಯಾನರ್ ಇರುವ ಕಡೆ ತೋರಿಸಿ.

ಇಷ್ಟಾದರೂ ಗುಣ ಕಾಣದಿದ್ದರೆ ‘ಕಂಪ್ರೆಷನ್ ಅಳೆದು ತೋರಿಸಿ’ ಎಂದು ಕೇಳಿ. ಅಳೆಯದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ನನ್ನ ಕಾರಿನ ಕಥೆ ಏನಾಯಿತು ಎಂದಿರಾ? ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ‘ಸಾರ್, ಪೆಡಲ್ ಪೂರ್ತಿ ತುಳೀರಿ’ ಎಂದರು. ಕಾಲು ನೆಲ ಮುಟ್ಟಿತ್ತು, ಕಾರ್ಬುರೇಟರಿನ ಲಿವರ್ ಅರ್ಧಕ್ಕೇ ನಿಂತಿತ್ತು. ಆಕ್ಸಿಲರೇಟರ್ ಕೇಬಲ್ ಸಡಿಲವಾಗಿತ್ತು, ಅಷ್ಟೇ. ಬಿಗಿ ಮಾಡಲು ಹತ್ತು ನಿಮಿಷ ಸಾಕಾಯಿತು.

ಈ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಬಹುದು. ಒಬ್ಬರು ತುಳಿಯಲಿ, ಒಬ್ಬರು ನೋಡಲಿ. ಘಾಟಿ ಹತ್ತುವ ಮುಂಚೆ ಮಾಡಿ.