ದಂಡಿನ ಹಳೆಯ ಲಾರಿಯ ಪಾಲನೆ

1945ರಲ್ಲಿ ಮಹಾಯುದ್ಧವು ಮುಗಿದ ತರುವಾಯ ದಂಡಿಗೆ ಬೇಡವಾದ ಲಾರಿಗಳು ಹರಾಜಿನ ಮೂಲಕ ಜನರ ಕೈಸೇರಿದವು. ಪೆಟ್ರೋಲು ಸಾಲದೆ ಇದ್ದಿಲಿನ ಅನಿಲದಿಂದ ಬಸ್ಸುಗಳನ್ನು ಓಡಿಸಿದ್ದ ಮೈಸೂರು ಸಂಸ್ಥಾನಕ್ಕೆ ಇವು ಅನುಕೂಲವೇ ಆದುವು. ಯುದ್ಧದ ವರ್ಷಗಳಲ್ಲಿ ಕೆನಡಾ ದೇಶವೊಂದೇ 8 ಲಕ್ಷಕ್ಕೂ ಮಿಗಿಲಾದ ಸೈನಿಕ ವಾಹನಗಳನ್ನು ಮಾಡಿತು. ಅವುಗಳಲ್ಲಿ ಷೆವರ್ಲೆ ಮತ್ತು ಫೋರ್ಡ್ ಕಂಪೆನಿಗಳ ಮೊಂಡು ಮೂತಿಯ ಲಾರಿಯನ್ನು ಒಮ್ಮೆ ಕಂಡವರು ಮರೆಯಲಾರರು. ಇಂದು ಅಂತಹದನ್ನು ಉಳಿಸಿಕೊಂಡವರು ವಿರಳ. ಆ ವಿರಳರನ್ನು ಕುರಿತೇ ನಮ್ಮ ಈ ಮಾತು.

ಲಾರಿಯೇನೋ ಬಂದಿತು, ಅದರೊಡನೆ ದಂಡಿನ ಶಿಸ್ತು ಬರಲಿಲ್ಲ. ಅಲ್ಲಿ ಚಾಲಕನಿಗೆ ಇಂದು ಬ್ರೇಕು, ನಾಳೆ ಬ್ಯಾಟರಿ, ಮರುದಿನ ಚಕ್ರವೆಂದು ದಿನಕ್ಕೊಂದು ಕೆಲಸವನ್ನು ಗೊತ್ತುಮಾಡಿದ್ದರು. ನಾವೋ ಗಾಡಿ ನಿಂತ ಮೇಲೆ ಮಾತ್ರ ಮೂತಿಯನ್ನು ಎತ್ತಿ ನೋಡುವವರು.

ಷೆವರ್ಲೆಯ ಆರು ಸಿಲಿಂಡರಿನ ಎಂಜಿನ್ನನ್ನೇ ತೆಗೆದುಕೊಳ್ಳಿ. ಇದರಲ್ಲಿ ಕನೆಕ್ಟಿಂಗ್ ರಾಡುಗಳ ತುದಿಯ ಚಮಚಗಳು ಕೆಳಗಿನ ತೊಟ್ಟಿಗಳಿಂದ ಎಣ್ಣೆಯನ್ನು ಗೋರಿಕೊಳ್ಳುತ್ತವೆ. ಒತ್ತಡದ ಮುಳ್ಳು 15 ಪೌಂಡುಗಳ ಆಸುಪಾಸಿನಲ್ಲಿದ್ದರೆ ಹೊಸಬರು ಹೆದರುವುದುಂಟು. ಈ ಎಂಜಿನ್ನಿಗೆ ಅದು ಸಹಜ. ಹೆದರಬೇಕಾದುದು ತೊಟ್ಟಿಯಲ್ಲಿ ಕೂತ ಕೆಸರಿಗೆ. ವರ್ಷಗಟ್ಟಲೆ ನಿಂತ ಲಾರಿಯನ್ನು ಹಳೆಯ ಎಣ್ಣೆಯಲ್ಲಿಯೇ ಓಡಿಸಬಾರದು. ಅಡಿಯ ಪಾತ್ರೆಯನ್ನು ಬಿಚ್ಚಿ, ತೊಳೆದು, ಹೊಸ ಎಣ್ಣೆ ತುಂಬಬೇಕು. ಬೇರಿಂಗಿನಲ್ಲಿ ಎರಕ ಹೊಯ್ದ ಮೃದುಲೋಹವು ಒಮ್ಮೆ ಕರಗಿತೆಂದರೆ, ಅದನ್ನು ಪುನಃ ಎರೆದು ಕೈಯಿಂದ ಕೆರೆದು ಕೂಡಿಸಬಲ್ಲ ಕುಶಲಿಗಳು ಈಗ ಊರೂರಿಗೆ ಸಿಗರು.

ವಿದ್ಯುತ್ತಿನ ತೊಂದರೆ ಬೇರೆ. ಈ ಗಾಡಿಯದು 6 ವೋಲ್ಟಿನ ಏರ್ಪಾಡು. ಅಷ್ಟೇ ಕೆಲಸಕ್ಕೆ ವಿದ್ಯುತ್ತು ಇಮ್ಮಡಿ ಹರಿಯಬೇಕಾದುದರಿಂದ, 12 ವೋಲ್ಟಿನ ಸಪೂರ ತಂತಿಯನ್ನು ಹಾಕಿದರೆ ಸ್ಟಾರ್ಟರ್ ಗೊಣಗುವುದೇ ಹೊರತು ತಿರುಗದು. ಭದ್ರಾ ನಾಲೆಯ ನೀರುಂಡು ನೆಲವೆಲ್ಲ ತೇವವಾಗಿರುವ ತ್ಯಾವಣಿಗೆಯಂತಹ ಊರಿನಲ್ಲಿ ತಂತಿಯು ಚಾಸಿಗೆ ಸೇರುವೆಡೆ ತುಕ್ಕು ಹಿಡಿಯುವುದೂ ಬೇಗ. ಬ್ಯಾಟರಿಯನ್ನು ಬೈಯುವ ಮೊದಲು ಅದನ್ನು ಉಜ್ಜಿ ನೋಡಿರಿ.

ಇನ್ನು ಚಕ್ರ. ಅದರ ವಿಷಯವಾಗಿ ನಮ್ಮ ಅವಿವೇಕವನ್ನೇ ಹೇಳಿಬಿಡುತ್ತೇವೆ. ತ್ಯಾವಣಿಗೆಯ ಹಾದಿಯಲ್ಲಿ ಟೈರು ಕೆಟ್ಟಿತು. ಚಕ್ರವನ್ನು ಇಳಿಸಿ ನೆಲಕ್ಕೆ ಹಾಕಿದೆವು. ಆ ಚಕ್ರವು ಎರಡು ತಟ್ಟೆಗಳನ್ನು ನಟ್ಟುಗಳಿಂದ ಬಿಗಿದು ಮಾಡಿದುದು. ಗುಂಬದ ಬಳಿಯ ನಟ್ಟುಗಳು ಚಕ್ರವನ್ನು ಗಾಡಿಗೆ ಹಿಡಿದರೆ, ಹೊರಸುತ್ತಿನವು ತಟ್ಟೆಗಳನ್ನು ಒಂದಕ್ಕೊಂದು ಹಿಡಿಯುತ್ತವೆ. ದಂಡಿನವರು ಈ ಹೊರಸುತ್ತಿಗೆ ಕೆಂಪು ಬಣ್ಣವನ್ನು ಹಚ್ಚುತ್ತಿದ್ದರು. ನಮ್ಮದರಲ್ಲಿ ಅದು ಹಲವು ಬಣ್ಣಗಳ ಕೆಳಗೆ ಹೂತುಹೋಗಿತ್ತು. ಟೈರಿನಲ್ಲಿ ಗಾಳಿ ಇನ್ನೂ ಅರೆಪಾಲು ಉಳಿದಿರುವಾಗಲೇ ನಾವು ಅದಕ್ಕೆ ಪಾನೆ ಹಾಕಿದೆವು. ಪಂಚರು ಹಾಕುವ ಮುದುಕರೊಬ್ಬರು ಓಡಿಬಂದು ನಮ್ಮ ಮುಂಗೈ ಹಿಡಿದು, “ತಮ್ಮಾ, ಮೊದ್ಲು ಗಾಳಿ ಬಿಡು, ಆಮ್ಯಾಲೆ ನಟ್ಟು!” ಎಂದರು. ನಟ್ಟು ಸಡಿಲಿದೊಡನೆ ಒಳಗಿನ ಗಾಳಿಯು ಮೇಲಿನ ತಟ್ಟೆಯನ್ನು ಫಿರಂಗಿಯ ಗುಂಡಿನಂತೆ ಹಾರಿಸುತ್ತಿತ್ತು, ಮೇಲೆ ಬಾಗಿದ್ದುದು ನಮ್ಮ ಮುಖ. ಅವರು ವಾಲ್ವಿನ ಒಳಗಿನ ಪಿನ್ನನ್ನೇ ತೆಗೆದುಹಾಕಿ, ಗಾಳಿಯ ಸದ್ದು ಪೂರಾ ಅಡಗಿದ ಮೇಲೆ, ತಂತಿಯಿಂದ ರಂಧ್ರವನ್ನು ಚುಚ್ಚಿ ನೋಡಿ, ಆ ಬಳಿಕವೇ ಪಾನೆಯನ್ನು ನಮಗೆ ಹಿಂದಿರುಗಿಸಿದರು. ಮನೆಗೆ ಬಂದವರೇ ನಾವು ಮೊದಲು ಮಾಡಿದ ಕೆಲಸ, ನಾಲ್ಕು ಚಕ್ರಗಳ ಹೊರಸುತ್ತನ್ನೂ ಕೆರೆದು ಕೆಂಪು ಬಳಿದುದು.

ಬ್ರೇಕಿನ ವಿಚಾರವಾಗಿ ಒಂದೇ ಮಾತು: ಅದರ ಬುಡ್ಡಿಗೆ ಎಂಜಿನ್ ಎಣ್ಣೆಯನ್ನು ಎಂದಿಗೂ ಹಾಕಬೇಡಿರಿ, ಒಳಗಿನ ರಬ್ಬರು ಉಬ್ಬಿ ಹಾಳಾಗುತ್ತದೆ.

ಮಳೆಗಾಲದಲ್ಲಿ ಗಾಡಿಯನ್ನು ನಿಲ್ಲಿಸುವುದಾದರೆ ಅಚ್ಚಿನ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟು ಟೈರಿನ ಭಾರವನ್ನು ಇಳಿಸಿರಿ. ಹದಿನೈದು ದಿನಕ್ಕೊಮ್ಮೆ ಪ್ಲಗ್ಗುಗಳನ್ನು ತೆಗೆದು, ಹ್ಯಾಂಡಲಿನಿಂದ ಎಂಜಿನ್ನನ್ನು ನಾಲ್ಕು ಸುತ್ತು ತಿರುವಿರಿ. ಪ್ಲಗ್ಗುಗಳನ್ನು ಹಾಕಿ ಗಾಡಿಯನ್ನು ಹೊರಡಿಸುವಾಗ ಮಾತ್ರ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎಂಜಿನ್ನು ಹಿಂದಕ್ಕೆ ಒದ್ದರೆ ಹ್ಯಾಂಡಲು ಕೈಯಿಂದ ಜಾರಿಹೋಗುವುದು, ಬೆರಳು ಉಳಿಯುವುದು.