ತುಂಗಭದ್ರೆಯನ್ನು ದಾಟಿದವರು



ಶಾಲೆಯ ಪಾಠಗಳಲ್ಲಿ ತುಂಗಭದ್ರೆ ಎಂದರೆ ಗಡಿ. ಆಚೆ ಬಹಮನಿ, ಈಚೆ ವಿಜಯನಗರ, ರಾಯಚೂರು ದೋಆಬಿಗಾಗಿ ಯುದ್ಧದ ಮೇಲೆ ಯುದ್ಧ. ಅದೆಲ್ಲ ನಡೆದದ್ದೇ. ಆದರೆ ತುಂಗೆ ಭದ್ರೆ ಸೇರುವ ಕೂಡಲಿಯಿಂದ, ಕೃಷ್ಣೆಯ ಸಂಗಮದ ಹತ್ತಿರವಿರುವ ಆಲಂಪುರದವರೆಗೆ ಹೊಳೆಸಾಲಿನಲ್ಲಿ ಸುತ್ತಾಡಿದ ಮೇಲೆ ನನಗೆ ಅನ್ನಿಸಿದ್ದು: ಈ ಕಣಿವೆಯ ಚರಿತ್ರೆಯನ್ನು ಕಾದಾಡಿದವರಿಗಿಂತ ಹೊಳೆ ದಾಟಿದವರಿಂದ ಕೇಳಬೇಕು.

ಅಶೋಕನಿಂದಲೇ ಶುರುಮಾಡೋಣ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅವನ ಹೆಸರು ಸಿಕ್ಕಿತು. ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ನೆಲದಲ್ಲಿ. ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಶಾಸನಗಳು ಹೊಳೆಯ ಎಡಕ್ಕಿವೆ. ನಿಟ್ಟೂರು, ಉಡೇಗೋಳ ಬಳ್ಳಾರಿ ಸೀಮೆಯವು, ಬಲಕ್ಕಿವೆ; ಆ ಎರಡರಲ್ಲೂ ಅಶೋಕನ ಹೆಸರಿದೆ. ಒಂದೇ ಮಾತನ್ನು ಎರಡೂ ದಡದಲ್ಲಿ ಕೆತ್ತಿಸಿದ ಆಡಳಿತಕ್ಕೆ ಈ ನದಿ ಅಡ್ಡಗೋಡೆ ಆಗಿರಲಿಲ್ಲ.

ಹೊಳೆದಂಡೆಯ ಹರಿಹರ, ಚೌಡದಾನಪುರ, ಗಳಗನಾಥಗಳ ದೇವಾಲಯಗಳಿಗೆ ಒಂದೊಂದು ಉಪನ್ಯಾಸವೇ ಬೇಕು. ಇವತ್ತು ನಾನು ನಿಲ್ಲುವುದು ಹಂಪಿಯ ಆಚೆ ದಡದ ಆನೆಗೊಂದಿಯಲ್ಲಿ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಯ ಹರಿಗೋಲನ್ನು ಕಣ್ಣಿಟ್ಟು ನೋಡಿದ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ನೆಟ್ಟಗೆ ಹೋಗದೆ ಸುತ್ತುತ್ತಲೇ ಮುಂದೆ ಹೋಗುತ್ತದೆ ಎಂದು ಬರೆದ. ಅರಮನೆಯ ವೈಭವ ಬರೆದವನು ಅಂಬಿಗರ ಕಸುಬಿಗೂ ಜಾಗ ಕೊಟ್ಟದ್ದು ನಮ್ಮ ಭಾಗ್ಯ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ದುಂಡು ಆಕಾರ, ಹುಟ್ಟು ಹಾಕುವ ಕೈಚಳಕ ಉಳಿದಿವೆ.

ಹಂಪಿಯ ವಿಠ್ಠಲ ದೇವಾಲಯದ ಬಳಿ ಹೊಳೆಯಲ್ಲಿ ಸಾಲಾಗಿ ನಿಂತಿರುವ ಕಲ್ಲುಕಂಬಗಳು ಹಳೆಯ ಸೇತುವೆಯವು. ನಮ್ಮ ಕಾಲದ ಸೇತುವೆಯ ಕಥೆ ದುಃಖದ್ದು. ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಏಳುತ್ತಿದ್ದಾಗ, 1999ರಲ್ಲಿ ಹಂಪಿ ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿ ಸೇರಿತು. ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದ ಸೇತುವೆಯ ಕೆಲಸ ಮತ್ತೆ ಹಿಡಿದಾಗ, 2009ರ ಜನವರಿಯಲ್ಲಿ ಅದು ಕುಸಿದು ಕೂಲಿಕಾರರ ಜೀವ ಹೋಯಿತು. ಈಗ ವಾಹನಗಳು ಓಡಾಡುವುದು ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೇಲೆ. ಸ್ಮಾರಕಗಳ ನಡುವೆ ಸೇತುವೆ ಬೇಡ ಎಂದವರ ಮಾತು ಸರಿಯೇ ಇತ್ತು. ಆದರೆ ಸಂತೆಗೆ, ಆಸ್ಪತ್ರೆಗೆ ಹೊಳೆ ದಾಟಲೇಬೇಕಾದವರಿಗೆ ಮೊದಲೇ ಬೇರೆ ಜಾಗ ಹುಡುಕಿಕೊಡಬೇಕಿತ್ತು. ಆ ಎಚ್ಚರ ತಡವಾಗಿ ಬಂತು.

ನೀರನ್ನು ತಿರುಗಿಸಿದವರೂ ಇಲ್ಲಿದ್ದರು. ಅರಸನೊಬ್ಬ ಹೊಳೆಗೆ ಬಂಡೆಗಳನ್ನು ಉರುಳಿಸಿ ಕಟ್ಟೆ ಹಾಕಿಸಿ ಪಟ್ಟಣಕ್ಕೆ ನೀರು ತಂದ ಸಂಗತಿಯನ್ನು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ನುನಿಜ್ ಬರೆದಿದ್ದಾನೆ. ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಹಂಪಿಯ ಗದ್ದೆ, ಬಾಳೆತೋಟಗಳು ಬದುಕಿರುವುದು ಅದರಿಂದ. ವಿಜಯನಗರವನ್ನು ಹಾಳು ಪಟ್ಟಣ ಎನ್ನುವಾಗ ನಾವು ಈ ಕಾಲುವೆಗಳನ್ನು ಮರೆಯುತ್ತೇವೆ.

1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಕೈಹಾಕಿದಾಗ ಎಡದಂಡೆ ನಿಜಾಮರದು, ಬಲದಂಡೆ ಮದ್ರಾಸು ಪ್ರಾಂತ್ಯದ್ದು. ಎರಡು ಸರ್ಕಾರಗಳು ಎರಡು ದಡದಿಂದ ಕಟ್ಟುತ್ತ ಬಂದವು; 1953ರ ಹೊತ್ತಿಗೆ ಗೇಟುಗಳಲ್ಲಿ ನೀರು ಹರಿಯಿತು. ಹಳ್ಳಿಗಳು ಮುಳುಗಿದವು. ಮುಳುಗಿದ ಊರಿನವರ ತ್ಯಾಗವನ್ನು ಗಂಗಾವತಿ, ಸಿಂಧನೂರಿನ ಭತ್ತ ತಿನ್ನುವವರೆಲ್ಲ ನೆನೆಯಬೇಕು. ಕಾಲುವೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ‘ಕ್ಯಾಂಪ್’ಗಳಲ್ಲಿ ಇಂದು ತೆಲುಗು ಕನ್ನಡ ಎರಡೂ ಮನೆಮಾತು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಎರಡೂ ದಂಡೆಯ ರೈತರು ಒಂದೇ ಆತಂಕದಲ್ಲಿದ್ದರು. ಹರಿಯುವ ನೀರಿನಲ್ಲೇ ಅಡ್ಡಹಲಗೆ ಇಳಿಸಿ ಅದನ್ನು ಮುಚ್ಚಿದ ಎಂಜಿನಿಯರುಗಳು, ಕೆಲಸಗಾರರು ಈ ಕಣಿವೆಯ ಚರಿತ್ರೆಯಲ್ಲಿ ಹೆಸರು ಪಡೆಯಬೇಕಾದವರು.

ಹೊಳೆಸಾಲಿನ ಕಾಲೇಜುಗಳ ಇತಿಹಾಸ ವಿಭಾಗಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಹೊಳೆ ದಾಟುತ್ತಿದ್ದ ಘಟ್ಟ ಯಾವುದು, ಹರಿಗೋಲು ನಡೆಸುತ್ತಿದ್ದ ಮನೆಗಳು ಯಾವುವು, ಆಚೆ ದಡದ ಯಾವ ಊರುಗಳೊಡನೆ ಹೆಣ್ಣು ಕೊಟ್ಟು ತಂದಿದ್ದೀರಿ ಎಂದು ಹಿರಿಯರನ್ನು ಕೇಳಿ ಬರೆಸಿರಿ. ಸೇತುವೆಗಳಾದ ಮೇಲೆ ಹುಟ್ಟಿದವರಿಗೆ ಅದನ್ನು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಈ ಬೇಸಿಗೆ ರಜೆಯಲ್ಲೇ ಕೆಲಸ ಶುರುವಾಗಲಿ.